ನಲವತ್ತರ ಬೋರ್ಡು ದಾಟಿದ ಮೇಲೆ

ಈ ವಯಸ್ಸಿನಲ್ಲಿ ನನಗೆ ಯಾರಾದರೂ ಕಣ್ಣು ಹೊಡೆದಾರು ಎಂದು ನಾನು ಅಂದುಕೊಂಡಿರಲಿಲ್ಲ. ಮೊನ್ನೆ ಸೇಡಂನಿಂದ ಚಿತ್ತಾಪುರಕ್ಕೆ ಕಾರು ಓಡಿಸಿಕೊಂಡು ಹೋಗುತ್ತಿದ್ದಾಗ ಎದುರಿಗೆ ಬಂದ ಸಿಮೆಂಟಿನ ಲಾರಿಯೊಂದು ಹಾಡಹಗಲು ಹೆಡ್‌ಲೈಟು ಮಿಟುಕಿಸಿ ಹೋಯಿತು. ನಾನು ನಾಚಿಕೊಳ್ಳಲಿಲ್ಲ. ಸೀಟ್ ಬೆಲ್ಟು ಮುಟ್ಟಿ ನೋಡಿಕೊಂಡೆ, ವೇಗ ಇಳಿಸಿದೆ, ಯಾಕೋ ಸೆರಗನ್ನೂ ಸರಿಮಾಡಿಕೊಂಡೆ. ಮುಂದಿನ ತಿರುವು ದಾಟಿದರೆ, ಅಂದುಕೊಂಡ ಹಾಗೆಯೇ, ಬೇವಿನ ಗಿಡದ ನೆರಳಿನಲ್ಲಿ ಪೊಲೀಸರ ಜೀಪು ನಿಂತಿತ್ತು. ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಕುಳಿತ ಕ್ಯಾಮೆರಾ ನನ್ನನ್ನು ಒಮ್ಮೆ ನೋಡಿ, ಏನೂ ದೊರೆಯದೆ, ಹಿಂದಿನವರ ಕಡೆ ಕಣ್ಣು ತಿರುಗಿಸಿತು.

ನಮ್ಮ ಕಡೆಯ ರಸ್ತೆಗಳ ಮೇಲೆ ಇಂಥದೊಂದು ಬಂಧುತ್ವವಿದೆ. ಟ್ಯಾಂಕರಿನವನು ಯಾರೋ, ಫರಸಿ ಕಲ್ಲು ಹೇರಿಕೊಂಡು ಶಹಾಬಾದಿನಿಂದ ಬರುವವನು ಯಾರೋ, ನಾವು ಯಾರೋ. ಆದರೂ 'ಮುಂದ ಮಾವ ನಿಂತಾನ' ಎಂಬ ಸುದ್ದಿಯನ್ನು ಒಬ್ಬರಿಗೊಬ್ಬರು ತಪ್ಪದೆ ಮುಟ್ಟಿಸುತ್ತೇವೆ. ನಾಲ್ಕು ಗಾಲಿಯವರಿಗೆ ದೀಪದ ಸಂಜ್ಞೆ. ಬೈಕಿನವರಿಗೆ ಬೇರೆ: ಎದುರಿನವನು ಅಂಗೈಯಿಂದ ತನ್ನ ತಲೆ ತಟ್ಟಿಕೊಂಡರೆ 'ಹೆಲ್ಮೆಟ್ ಹಾಕ್ಕೋ' ಎಂದರ್ಥ. ಇದು ಗೊತ್ತಿಲ್ಲದ ದಿನಗಳಲ್ಲಿ, ಬಸ್ಸಿನ ಕಿಟಕಿಯಿಂದ ಹೀಗೆ ತಲೆ ಬಡಿದುಕೊಂಡು ಹೋಗುವವರನ್ನು ಕಂಡು, ಪಾಪ, ಮನೆಯಲ್ಲಿ ಏನು ಕಷ್ಟವೋ ಎಂದು ನಾನು ಮರುಗಿದ್ದೂ ಉಂಟು.

ದಂಡ ಕಟ್ಟಿದವರ ಕಥೆಗಳಂತೂ ನಮ್ಮಲ್ಲಿ ಚಹಾದ ಜೊತೆ ಬರುವ ತಿಂಡಿ. ನಾನು ಕುರಕುಂಟಾದ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಅಲ್ಲಿಯ ಗುಮಾಸ್ತರು ತಮ್ಮ ಮಗನ ಮದುವೆಯ ಮಾತು ಬಂದರೆ ಸೊಸೆಯ ಬಗ್ಗೆ ಹೇಳುವುದು ಕಡಿಮೆ, ಶಹಾಬಾದ್ ಕ್ರಾಸಿನ ಪೊಲೀಸಪ್ಪನ ಬಗ್ಗೆ ಹೇಳುವುದೇ ಹೆಚ್ಚು. ಮದುವೆ ಮನೆಗೆ ಹೊರಟಿದ್ದ ವರ ಕಾರಿನ ಮುಂದಿನ ಸೀಟಿನಲ್ಲಿ ಬಾಸಿಂಗ ಕಟ್ಟಿಕೊಂಡು ಕುಳಿತಿದ್ದನಂತೆ. ಬೆಲ್ಟು ಹಾಕಿದರೆ ಹಾರ ಮುರಿಯುತ್ತದೆ, ಹಾಕದಿದ್ದರೆ ಕಾಯ್ದೆ ಮುರಿಯುತ್ತದೆ. ವರನ ತಾಯಿ ಇಳಿದು, "ಮುಹೂರ್ತ ತಪ್ಪಿದ್ರ ನೀವೇ ಜವಾಬ್ದಾರರು ನೋಡ್ರಿ" ಎಂದು ಜಗಳಕ್ಕೇ ನಿಂತರಂತೆ. ಆ ಪೊಲೀಸಪ್ಪ ಕಾರಿನೊಳಗೆ ಬಗ್ಗಿ, ಹಾರದ ಒಂದು ಹೂವೂ ಉದುರದ ಹಾಗೆ ಅದರ ಅಡಿಯಿಂದ ಬೆಲ್ಟು ತೂರಿಸಿ, ಕಟಕ್ಕನೆ ಬಿಗಿದು, "ಇನ್ನ ಹೋಗ್ರಿ, ಛಲೋ ಆಗ್ಲಿ" ಎಂದು ಹರಸಿ ಕಳಿಸಿದನಂತೆ. ಅಕ್ಷತೆಗಿಂತ ಮೊದಲು ಬಿದ್ದ ಆಶೀರ್ವಾದ ಅದೇ ಎಂದು ಗುಮಾಸ್ತರು ಇಂದಿಗೂ ನಗುತ್ತಾರೆ.

ಪೊಲೀಸರಿಗೆ ಅಂಜುವುದು ನಮ್ಮ ಮನೆತನದಲ್ಲಿ ಸೈಕಲ್ಲಿನ ಕಾಲದಿಂದ ನಡೆದುಬಂದದ್ದು. ನಮ್ಮಪ್ಪ ವಾಡಿಯಲ್ಲಿ ಮಾಸ್ತರರಾಗಿದ್ದರು. ಸಂಜೆಯ ಹೊತ್ತು ನನ್ನನ್ನು ಕ್ಯಾರಿಯರ್ ಮೇಲೆ, ನನಗಿಂತ ದೊಡ್ಡವಳಾದ ಶಾಂತಕ್ಕನನ್ನು ಮುಂದಿನ ಡಂಡಿಯ ಮೇಲೆ ಕೂಡಿಸಿಕೊಂಡು ಸ್ಟೇಷನ್ ಕಡೆ ಗಾಳಿ ತಿನ್ನಿಸಲು ಹೊರಡುತ್ತಿದ್ದರು. ಸೈಕಲ್ಲಿಗೆ ದೀಪವಿರಲಿಲ್ಲ, ಮೇಲಾಗಿ ಮೂರು ಜನ. ಆಗಿನ ಪೊಲೀಸರು ಇಂಥವರನ್ನು ಹಿಡಿದರೆ ಗಾಲಿಯ ಗಾಳಿ ಬಿಟ್ಟು ಕಳಿಸುತ್ತಿದ್ದರು. ಅದಕ್ಕೆ ಶಾಂತಕ್ಕ ತಿರುವು ಬರುವ ಮೊದಲೇ ಡಂಡಿಯಿಂದ ಜಿಗಿದು ಮುಂದೆ ಓಡಿ, ಮೂಲೆಯಿಂದ ಇಣುಕಿ, "ಅದಾನ!" ಎಂದೋ "ಇಲ್ಲ, ಬರ್ರಿ!" ಎಂದೋ ಕೂಗುತ್ತಿದ್ದಳು. 'ಅದಾನ' ಎಂದರೆ ಅಪ್ಪ ಇಳಿದು, ಸೈಕಲ್ ತಳ್ಳಿಕೊಂಡು, ವ್ಯಾಯಾಮಕ್ಕೆಂದೇ ನಡೆಯಲು ಬಂದವರ ಹಾಗೆ ಪೊಲೀಸನಿಗೆ ನಮಸ್ಕಾರ ಹೇಳಿ ದಾಟುತ್ತಿದ್ದರು. ನಡೆಯುವವನಿಗೆ ಯಾವ ಕಾಯ್ದೆ! ನಾನು ಮಾತ್ರ ಕ್ಯಾರಿಯರ್ ಮೇಲೆ ಕಣ್ಣು ಮುಚ್ಚಿ ಕುಳಿತಿರುತ್ತಿದ್ದೆ. ನಾನು ನೋಡದಿದ್ದರೆ ಅವನಿಗೂ ನಾನು ಕಾಣುವುದಿಲ್ಲ ಎಂದು ನನ್ನ ನಂಬಿಕೆ.

ಇಷ್ಟು ಅಂಜುಬುರುಕಿಯಾದ ನನಗೆ ದೇವರು ಗಂಟುಹಾಕಿದ್ದು ಶ್ರೀಪಾದರಾಯರನ್ನು. ನನ್ನ ಗಂಡ ಸೇಡಂನ ಕಾಲೇಜಿನಲ್ಲಿ ಗಣಿತದ ಉಪನ್ಯಾಸಕರು. ಮನೆಯಲ್ಲಿ ಅವರಷ್ಟು ನಿಧಾನದ ಮನುಷ್ಯರಿಲ್ಲ. ಒಂದು ಲೋಟ ಚಹಾ ಕುಡಿಯಲು ಅರ್ಧ ಪತ್ರಿಕೆ ಓದುತ್ತಾರೆ. ಆದರೆ ಸ್ಟೇರಿಂಗು ಕೈಗೆ ಬಂದರೆ ಅವರ ಒಳಗಿನ ಗಣಿತ ಎಚ್ಚೆತ್ತುಕೊಳ್ಳುತ್ತಿತ್ತು. ಇಷ್ಟು ದೂರ, ಇಷ್ಟು ವೇಗ, ಆದ್ದರಿಂದ ಇಷ್ಟು ಹೊತ್ತು. ಮಧ್ಯೆ ಎಮ್ಮೆ ಅಡ್ಡ ಬರುತ್ತದೆ ಎಂಬುದು ಅವರ ಲೆಕ್ಕದಲ್ಲಿ ಇರುತ್ತಿರಲಿಲ್ಲ. ಮಳಖೇಡದ ಸೇತುವೆ ದಾಟುವಾಗ ಮಠದ ಕಡೆ ತಿರುಗಿ, ಸ್ಟೇರಿಂಗಿನಿಂದ ಎರಡೂ ಕೈ ತೆಗೆದು ನಮಸ್ಕಾರ ಮಾಡುತ್ತಿದ್ದರು. ಆ ಕ್ಷಣ ಪಕ್ಕದಲ್ಲಿದ್ದ ನಾನು ಮಾಡುತ್ತಿದ್ದಷ್ಟು ನಿಷ್ಠೆಯ ಪ್ರಾರ್ಥನೆಯನ್ನು ಆ ಮಠದಲ್ಲಿ ಯಾರೂ ಮಾಡಿರಲಾರರು.

"ಸಾವಕಾಶ ಹೊಡೀರಿ" ಎಂದರೆ, "ನಿನಗ ಗಾಡಿ ಬರ್ತದೇನು?" ಎನ್ನುತ್ತಿದ್ದರು. ಬರುತ್ತಿರಲಿಲ್ಲ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಹೀಗೇ ನಡೆದುಹೋಗುತ್ತಿತ್ತೇನೋ. ಅಷ್ಟರಲ್ಲಿ ಶಾಂತಕ್ಕನ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಅಕ್ಕನನ್ನು ಕೊಟ್ಟದ್ದು ಚಿಂಚೋಳಿಗೆ. ಭಾವ ಅಲ್ಲಿಯ ಗುಡಿಯೊಂದರಲ್ಲಿ ಪೂಜೆ ಮಾಡಿಕೊಂಡಿರುವವರು. ಕಲಬುರಗಿಯಲ್ಲಿ ಆಪರೇಷನ್ ಆಯಿತು. ಆಮೇಲೆ ಮೂರು ವಾರಕ್ಕೊಮ್ಮೆ ಔಷಧ ಏರಿಸಬೇಕು, ಒಂದು ಸಲವೂ ಬಿಡಕೂಡದು ಎಂದರು ಡಾಕ್ಟರು. ಭಾವನವರಿಗೆ ಗುಡಿ ಬಿಟ್ಟು ಬರಲು ಆಗುವುದಿಲ್ಲ. ನನ್ನ ಗಂಡ ಒಂದು ಕ್ಷಣವೂ ಯೋಚಿಸದೆ, "ಶಾಂತಾನ್ನ ನಾ ಕರಕೊಂಡು ಹೋಗ್ತೀನಿ. ಅಕಿ ಹಿಂದಿನ ದಿನ ನಮ್ಮ ಮನಿಗೆ ಬರ್ಲಿ, ಸಾಕು" ಎಂದರು. ಅವರ ಗುಣವೇ ಅಂಥದು. ಮನಸ್ಸು ದೊಡ್ಡದು, ಕಾಲು ಮಾತ್ರ ಆಕ್ಸಿಲರೇಟರ್ ಮೇಲೆ ಭಾರ.

ಮೊದಲ ಸಲ ಔಷಧ ಏರಿಸಿಕೊಂಡು ಬರುವಾಗ ಅಕ್ಕ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು. ಅವಳು ವಾಂತಿ ಮಾಡಿದಷ್ಟೂ, ಪಾಪ, ಬೇಗ ಮನೆ ಮುಟ್ಟಲಿ ಎಂದು ಇವರು ಜೋರು ಓಡಿಸುವರು. ಜೋರು ಓಡಿಸಿದಷ್ಟೂ ಅವಳ ಹೊಟ್ಟೆ ತೊಳೆಸುವುದು. ಹಿಂದಿನ ಸೀಟಿನಲ್ಲಿ ಅವಳ ತಲೆ ಹಿಡಿದುಕೊಂಡಿದ್ದ ನಾನು ನಡುವೆ ಏನಾದರೂ ಅಂದರೆ, ಅಕ್ಕ ನನ್ನ ಕೈ ಒತ್ತಿ ಸುಮ್ಮನಿರಿಸುತ್ತಿದ್ದಳು. ಉಪಕಾರ ಮಾಡುವವರಿಗೆ ಹೇಗೆ ಹೇಳುವುದು ಎಂಬ ಸಂಕೋಚ ಅವಳಿಗೆ. ಆ ವಾರವೇ ಮೊಬೈಲಿಗೆ ದಂಡದ ಚೀಟಿಗಳು ಬಂದವು. ಹೋಗುವಾಗಿನದೊಂದು, ಬರುವಾಗಿನದೊಂದು. ಫೋಟೋದಲ್ಲಿ ನಮ್ಮ ಕಾರು ಭಾಳ ಚೆಂದ ಬಂದಿತ್ತು.

ಎರಡನೆಯ ಸಲ ಕ್ಯಾಮೆರಾದ ಜೊತೆ ಮನುಷ್ಯರೂ ಇದ್ದರು. ಕಲಬುರಗಿಯಿಂದ ಹಿಂತಿರುಗುತ್ತಿದ್ದೆವು. ಮಳಖೇಡದ ಹತ್ತಿರ 'ನಲವತ್ತು' ಎಂದು ಕೆಂಪು ವೃತ್ತದೊಳಗೆ ಬರೆದ ಬೋರ್ಡಿದೆ. ನಾವು ಅದನ್ನು ಓದಲೂ ಆಗದ ವೇಗದಲ್ಲಿ ದಾಟಿದೆವು. ಪೊಲೀಸರು ರಸ್ತೆಗೆ ಬಂದು ಕೈ ಅಡ್ಡ ಹಿಡಿದರು. ಬ್ರೇಕು ಬಿದ್ದ ರಭಸಕ್ಕೆ ಅಕ್ಕ ಮುಂದಿನ ಸೀಟಿಗೆ ಹಣೆ ಬಡಿಸಿಕೊಂಡಳು.

ಜೀಪಿನಿಂದ ಇಳಿದು ಬಂದವರು ಹೆಣ್ಣುಮಗಳು, ಸಬ್ ಇನ್ಸ್‌ಪೆಕ್ಟರು. ಮೂವತ್ತರ ಆಜುಬಾಜು ವಯಸ್ಸು, ಟೋಪಿಯ ಕೆಳಗೆ ಹಣೆಯ ಮೇಲೆ ತೆಳ್ಳಗೆ ವಿಭೂತಿ.

"ಯಾಕ್ರಿ ಸರ್, ಇಷ್ಟು ಅವಸರ? ಈ ತಿಂಗಳದಾಗ ಇದು ಎಷ್ಟನೇದು ಗೊತ್ತದೇನ್ರಿ?"

"ಪೇಶಂಟ್ ಇದ್ದಾರ ಮೇಡಮ್, ಹಿಂದ," ಎಂದರು ಇವರು, ಕೊಂಚ ಜೋರಾಗಿಯೇ. "ದವಾಖಾನಿಂದ ಕರಕೊಂಡು ಬರ್ಲಿಕತ್ತೀನಿ. ನಾ ಏನು ಮಜಾ ಮಾಡ್ಲಿಕ್ಕೆ ಹೊಂಟೀನೇನು?"

ಆಕೆ ಹಿಂದಿನ ಕಿಟಕಿಗೆ ಬಂದು ಬಗ್ಗಿದರು. ಅಕ್ಕ ತಲೆಗೆ ಕಟ್ಟಿಕೊಂಡಿದ್ದ ಬಟ್ಟೆ ಜಾರಿತ್ತು. ಒಳಗೆ ಕೂದಲಿಲ್ಲದ ತಲೆ. ಸಬ್ ಇನ್ಸ್‌ಪೆಕ್ಟರ ಮುಖ ಮೆತ್ತಗಾಯಿತು.

"ಅಮ್ಮಾ, ಭಾಳ ತ್ರಾಸ ಆಗ್ಲಿಕತ್ತದೇನ್ರಿ? ನೀರು ಕುಡೀತೀರಿ?"

ಅಕ್ಕ ನೀರು ಬೇಡವೆಂದು ತಲೆಯಾಡಿಸಿದಳು. ಆಮೇಲೆ, ಜೀವಮಾನದಲ್ಲಿ ಯಾರ ಮೇಲೂ ದೂರು ಹೇಳದ ನನ್ನ ಅಕ್ಕ, ಬಾಯಿಗೆ ಹಿಡಿದಿದ್ದ ಕರವಸ್ತ್ರ ತೆಗೆದು, ಸಣ್ಣ ದನಿಯಲ್ಲಿ ಅಂದಳು:

"ಮೇಡಮ್, ಅವರಿಗೆ ಜರಾ ಸಾವಕಾಶ ಹೊಡೀರಿ ಅಂತ ನೀವರೆ ಹೇಳ್ರಿ. ನನಗ ಭಾಳ ಅಂಜಿಕಿ ಆಗ್ತದ."

ನನ್ನ ಗಂಡ ತಿರುಗಿ ನೋಡಲಿಲ್ಲ. ಅವರ ಕಿವಿಗಳು ಕೆಂಪಾದದ್ದು ಮಾತ್ರ ಹಿಂದಿನಿಂದ ನನಗೆ ಕಾಣುತ್ತಿತ್ತು. ಸಬ್ ಇನ್ಸ್‌ಪೆಕ್ಟರು ಏನೂ ಉಪದೇಶ ಮಾಡಲಿಲ್ಲ. ಇವರ ಲೈಸೆನ್ಸು ತೆಗೆದುಕೊಂಡು, "ಸರ್, ಇದು ಮ್ಯಾಲಿನವರಿಗೆ ಹೋಗ್ತದ. ಅಮಾನತ್ ಆಗಬಹುದು. ಈಗ ಮನಿತನಕಾ ಮಾತ್ರ ಸಾವಕಾಶ ಹೋಗ್ರಿ. ನಾ ಹಿಂದ ಬರ್ತೀನಿ" ಎಂದರು. ಸೇಡಂನ ಅಂಚಿನವರೆಗೂ ಆ ಜೀಪು ನಮ್ಮ ಹಿಂದೆಯೇ ಬಂತು. ಮದುವೆಯಾದಂದಿನಿಂದ ನನ್ನ ಗಂಡ ಅಷ್ಟು ನಿಧಾನ ಓಡಿಸಿದ್ದು ಅದೇ ಮೊದಲು.

ಸಂಜೆ ಅಡುಗೆಮನೆಗೆ ಬಂದು ನಿಂತರು. "ನಿಮ್ಮಕ್ಕ ಪೊಲೀಸರ ಮುಂದ ನನ್ನ ಮರ್ಯಾದಿ ತಗದ್ಲು."

"ನಿಮಗ ಹೇಳ್ಲಿಕ್ಕೆ ಅಂಜಿ ಪೊಲೀಸರಿಗೆ ಹೇಳ್ಯಾಳ," ಎಂದೆ. "ಯಾರಿಗೆ ಹೆಚ್ಚು ಅಂಜತಾಳ ನೀವೇ ವಿಚಾರ ಮಾಡ್ರಿ."

ಅವರು ಬಾಗಿಲಿಗೆ ಒರಗಿಕೊಂಡರು. "ನಾ ಅಕಿಗೋಸ್ಕರನೇ ಜೋರ್ ಹೊಡೀತಿದ್ದೆ," ಎಂದರು. "ಲಗೂ ಮನಿ ಮುಟ್ಟಿದ್ರ ಅಕಿಗೆ ಆರಾಮ ಆಗ್ತದಂತ." ಅದು ನಿಜವೆಂದು ನನಗೂ ಗೊತ್ತಿತ್ತು. ಅದಕ್ಕೇ ಆ ದಿನ ಅವರ ಮೇಲೆ ಪೂರ್ತಿ ಸಿಟ್ಟು ಮಾಡಲೂ ನನ್ನಿಂದ ಆಗಲಿಲ್ಲ.

ಲೈಸೆನ್ಸು ಮೂರು ತಿಂಗಳ ಮಟ್ಟಿಗೆ ಅಮಾನತಾಯಿತು. ಮೂರನೆಯ ಸಲ ಬಾಡಿಗೆ ಕಾರು ಮಾಡಿಕೊಂಡು ಹೋದೆವು. ಆ ಡ್ರೈವರನ ಶಿಷ್ಯರಾಗುವ ಯೋಗ್ಯತೆಯೂ ನನ್ನ ಗಂಡನಿಗೆ ಇರಲಿಲ್ಲ. ಇವರಿಗಿಂತ ಜೋರು, ಮೇಲೆ ಒಂದು ಕೈಯಲ್ಲಿ ಫೋನು. ಮನೆಗೆ ಬಂದ ಮೇಲೆ ಅಕ್ಕ ಹಾಸಿಗೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಗಂಜಿ ಒಯ್ದಾಗ ಮುಖ ತಿರುಗಿಸದೆಯೇ ಹೇಳಿದಳು:

"ಸುಮಾ, ಇನ್ನ ಸಾಕು. ನಾ ಬರಂಗಿಲ್ಲ. ಔಷಧದ ಮಾತಲ್ಲ, ಅದು ಹ್ಯಾಂಗರೆ ತಡಕೋತೀನಿ. ಆ ದಾರಿ ನನಗ ಆಗವಲ್ದು. ಹೋಗೋ ಹಿಂದಿನ ರಾತ್ರಿ ನಿದ್ದಿನೇ ಹತ್ತಂಗಿಲ್ಲ. ಆಗೋದು ಆಗ್ಲಿ."

ಒಂದು ಕಾಲಕ್ಕೆ ಪೊಲೀಸರಿದ್ದಾರೋ ಇಲ್ಲವೋ ನೋಡಲು ಎಲ್ಲರಿಗಿಂತ ಮುಂದೆ ಓಡುತ್ತಿದ್ದವಳು ಅವಳು. ಅಂಥವಳು ದಾರಿಗೆ ಅಂಜಿ ಜೀವದ ಆಸೆಯನ್ನೇ ಕೈಬಿಡುತ್ತಿದ್ದಾಳೆಂದರೆ! ಇನ್ನೂ ಅರ್ಧ ಚಿಕಿತ್ಸೆ ಬಾಕಿಯಿತ್ತು. ಗಂಜಿಯ ಬಟ್ಟಲು ಹಿಡಿದುಕೊಂಡೇ ನಾನು ಹೇಳಿದೆ: "ನಾ ಹೊಡೀತೀನಿ ಗಾಡಿ. ನನ್ನ ಜೋಡಿ ಬರ್ತೀ?"

ಅಕ್ಕ ಈಗ ತಿರುಗಿದಳು. "ನಿನಗೆಲ್ಲಿ ಬರ್ತದ?"

"ಕಲೀತೀನಿ."

"ನೀನು?" ಎಂದಳು. ಆಪರೇಷನ್ ಆದಮೇಲೆ ಅವಳ ಮುಖದ ಮೇಲೆ ನಗುವಿನಂಥದು ಕಂಡದ್ದು ಆಗಲೇ. ನನ್ನ ಧೈರ್ಯದ ಮೇಲೆ ನಮ್ಮ ಮನೆತನಕ್ಕಿದ್ದ ವಿಶ್ವಾಸ ಅಷ್ಟು.

ಮರುದಿನವೇ ಡ್ರೈವಿಂಗ್ ಶಾಲೆಗೆ ಹೋದೆ. ಕಲಿಸುವವರು ಮೌಲಾಲಿ ಎಂಬುವರು. ನರೆತ ಗಡ್ಡ, ಕಿವಿಗೆ ಅತ್ತರಿನ ಹತ್ತಿ. ನನ್ನನ್ನು ನೋಡಿ ಅವರಿಗೆ ಖುಷಿಯೋ ಖುಷಿ. "ನಿಮ್ಮಂಥವರು ಬಂದ್ರ ನನಗ ನೆಮ್ಮದಿ ಮೇಡಮ್. ಈ ಜವಾನ್ ಹುಡುಗರು ಗಾಡಿ ಕಲೀಲಿಕ್ಕೆ ಬರಂಗಿಲ್ರಿ, ಹಾರ್ಲಿಕ್ಕೆ ಬರ್ತಾರ" ಎಂದರು. ಆ ನೆಮ್ಮದಿ ಮೊದಲ ತಿರುವಿನವರೆಗೆ ಇತ್ತು. ನಾನು ಬ್ರೇಕೆಂದು ಒತ್ತಿದ್ದು ಬ್ರೇಕಾಗಿರಲಿಲ್ಲ. ಮೌಲಾಲಿಯವರ ಕಾಲ ಬಳಿ ಇನ್ನೊಂದು ಬ್ರೇಕು ಇತ್ತಾದ್ದರಿಂದ ತೊಗರಿ ಹೊಲ ಉಳಿಯಿತು. "ಆಹಿಸ್ತಾ ಮೇಡಮ್, ಸಾವಕಾಶ," ಎಂದು ಹೇಳುತ್ತ ಅವರು ಹಣೆ ಒರೆಸಿಕೊಂಡರು. ಗೇರು ಬದಲಿಸುವಾಗ ನಾನು ಬಗ್ಗಿ ಗೇರನ್ನೇ ನೋಡುತ್ತಿದ್ದೆ. ರಿವರ್ಸ್ ಎಂದರೆ ಇಡೀ ಊರು ನನ್ನ ಬೆನ್ನ ಹಿಂದೆ ಬಂದು ನಿಂತಂತಾಗುತ್ತಿತ್ತು. ಶಾಲೆಯ ಮಕ್ಕಳು ದಾರಿಯಲ್ಲಿ ನನ್ನನ್ನು ಗುರುತಿಸಿ, "ಟೀಚರ್ ಬಂದ್ರು!" ಎಂದು ಕೂಗಿ, ನಮಸ್ಕಾರ ಮಾಡುವ ಬದಲು ಗಟಾರ ಜಿಗಿದು ಆಚೆ ನಿಲ್ಲುತ್ತಿದ್ದರು.

ಒಂದು ದಿನ ಮನೆಯಲ್ಲಿ ಊಟಕ್ಕೆ ಕುಳಿತಾಗ ನನ್ನ ಗಂಡ ನಾಲ್ಕು ಚಮಚಗಳನ್ನು ಗೇರಿನ ಹಾಗೆ ಜೋಡಿಸಿ, "ಕ್ಲಚ್ ಪೂರಾ ಒತ್ತು, ಆಮ್ಯಾಲೆ ಹಿಂಗ ತಗೊ. ನೋಡಬ್ಯಾಡ, ಕೈಗೆ ಗೊತ್ತಾಗ್ತದ" ಎಂದರು. ಅಷ್ಟು ವರ್ಷ 'ನಿನಗ ಗಾಡಿ ಬರ್ತದೇನು' ಎಂದು ಕೇಳಿದ ಮನುಷ್ಯ. ರೊಟ್ಟಿ ತಣ್ಣಗಾಗುವವರೆಗೂ ಚಮಚಗಳ ಗಾಡಿ ಓಡಿಸಿದೆವು.

ಅಕ್ಕನ ಮುಂದಿನ ತಾರೀಖು ಬಂದಾಗ ನನ್ನ ಕೈಯಲ್ಲಿದ್ದದ್ದು ಇನ್ನೂ ಕಲಿಯುವವರ ಲೈಸೆನ್ಸು. ಪಕ್ಕದಲ್ಲಿ ಲೈಸೆನ್ಸಿದ್ದವರು ಕೂರಲೇಬೇಕು. ಮೌಲಾಲಿಯವರನ್ನೇ ಕೇಳಿದೆ. "ಅಕ್ಕಾರ ಇಲಾಜ್ ಅಂತೀರಿ, ನಾ ಹ್ಯಾಂಗ ಇಲ್ಲ ಅನ್ಲಿ," ಎಂದು ತಮ್ಮ ಶಾಲೆಯ ಎರಡು ಬ್ರೇಕಿನ ಕಾರನ್ನೇ ತಂದರು, ಹಿಂದೆ ಮುಂದೆ ಕೆಂಪು 'ಎಲ್' ಅಂಟಿಸಿದ್ದನ್ನು. ಅಕ್ಕ ಚಿಂಚೋಳಿಯಿಂದ ಬಂದೇನೋ ಬಂದಳು, ಆದರೆ ಕಾರಿನ ಬಾಗಿಲ ಬಳಿ ನಿಂತು ಬಹಳ ಹೊತ್ತು ಹತ್ತಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ನನ್ನ ಗಂಡ ಹಿಂದಿನ ಬಾಗಿಲು ತೆಗೆದು, ತಾವು ಆಚೆ ಬದಿಗೆ ಸರಿದು ಕುಳಿತು, "ಬಾ ಶಾಂತಾ. ಇವತ್ತ ನಾನೂ ನಿನ್ನಂಗ ಸುಮ್ಮ ಕುಂದ್ರಾಂವ" ಎಂದರು. ಅದನ್ನು ಕೇಳಿ ಹತ್ತಿದಳು.

ಹೋಗುವಾಗ ಹಿಂದಿನವರಿಬ್ಬರೂ ನನ್ನ ಬೆನ್ನನ್ನು ನೋಡುತ್ತಿದ್ದರೆಂದು ನನ್ನ ಬೆನ್ನಿಗೇ ಗೊತ್ತಾಗುತ್ತಿತ್ತು. ಹೇಗೋ ಮುಟ್ಟಿದೆವು. ಔಷಧ ಏರಿಸಿದರು. ನಿಜವಾದ ಪರೀಕ್ಷೆ ತಿರುಗಿ ಬರುವಾಗಿನದು. ಕಲಬುರಗಿ ದಾಟಿದ ಮೇಲೆ ನಾನು ನನ್ನ ಪಾಡಿಗೆ ರಸ್ತೆಯ ಎಡಬದಿ ಹಿಡಿದುಕೊಂಡೆ. ಟ್ಯಾಂಕರುಗಳು ಬೊಬ್ಬೆ ಹಾಕಿ ದಾಟಿದವು. ಬಸ್ಸುಗಳು ದಾಟಿದವು. ಮದುವೆಯ ಮಂದಿ ತುಂಬಿದ ಟಂಟಂ ಆಟೋ ದಾಟಿತು, ಅದರ ಹಿಂಬದಿಯಲ್ಲಿ ಕುಳಿತ ಮುದುಕಿಯೊಬ್ಬಳು ನನ್ನನ್ನು ಕನಿಕರದಿಂದ ನೋಡಿದಳು. ಹಳ್ಳ ಬಂದಲ್ಲಿ ವೇಗ ಇಳಿಸಿ, ಉಬ್ಬು ಬಂದಲ್ಲಿ ನಿಲ್ಲಿಸಿ, ಎಮ್ಮೆ ಬಂದಲ್ಲಿ ಕಾಯ್ದು, ಹೀಗೆ ಬಂದೆವು. ಹಿಂದಿನ ಸೀಟಿನಿಂದ ಯಾವ ಸದ್ದೂ ಇಲ್ಲ. ತಿರುಗಿ ನೋಡುವ ಧೈರ್ಯ ನನಗಿಲ್ಲ.

ಮಳಖೇಡ ಬಂತು. ನಲವತ್ತರ ಬೋರ್ಡು ಬಂತು. ಅದರಾಚೆ ಅದೇ ಜೀಪು, ಅದೇ ಸಬ್ ಇನ್ಸ್‌ಪೆಕ್ಟರು. ಆಕೆ ಕೈ ಅಡ್ಡ ಹಿಡಿದರು. ಮೌಲಾಲಿಯವರು "ಯಾ ಅಲ್ಲಾ, ಇವರಿಗ್ಯಾಕ?" ಎಂದರು. ಕಾರು ನಿಲ್ಲಿಸಿ ಗಾಜು ಇಳಿಸಿದೆ.

"ಏನ್ರಿ ಮೇಡಮ್," ಎಂದರು ಆಕೆ, ನಗು ತಡೆದುಕೊಂಡು, "ಗಾಡಿ ಏನರೆ ಕೆಟ್ಟದೇನ್ರಿ? ಹಿಂದ ನೋಡ್ರಿ, ಎಷ್ಟು ಲಾರಿ ಸಾಲು ಹಚ್ಚ್ಯಾವ. ನಿಮ್ಮ ಮುಂದ ಹೋದ ಎತ್ತಿನ ಬಂಡಿಯಾಂವ ಆಗ್ಲೆ ಊರು ಮುಟ್ಟಿರ್ತಾನ."

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ನನ್ನ ಗಂಡ, "ಶ್ಶ್," ಎಂದರು.

ಆಗ ತಿರುಗಿ ನೋಡಿದೆ. ಅಕ್ಕ ಮಲಗಿದ್ದಳು. ಕಣ್ಣು ಮುಚ್ಚಿ ತಡೆದುಕೊಂಡು ಮಲಗಿದ್ದಲ್ಲ, ಬಾಯಿ ತುಸು ತೆರೆದ, ಸಣ್ಣಗೆ ಗೊರಕೆಯೂ ಇದ್ದ ನಿಜವಾದ ನಿದ್ದೆ. ಅವಳ ತಲೆ ನನ್ನ ಗಂಡನ ಭುಜದ ಮೇಲಿತ್ತು. ಅವರು ಆ ಕಡೆಯ ಕೈ ಅಲುಗಿಸದೆ, ಇನ್ನೊಂದು ಕೈಯಲ್ಲಿ ವಾಂತಿಗೆಂದು ತಂದ ಚೀಲವನ್ನು ಹಿಡಿದುಕೊಂಡೇ ಕುಳಿತಿದ್ದರು. ಚೀಲದ ಮಡಿಕೆ ಬಿಚ್ಚಿರಲಿಲ್ಲ.

ಸಬ್ ಇನ್ಸ್‌ಪೆಕ್ಟರು ಬಗ್ಗಿ ಒಳಗೆ ನೋಡಿದರು. ಅಕ್ಕನ ಗುರುತು ಹತ್ತಿತು. ಇವರ ಗುರುತೂ ಹತ್ತಿತು. "ಯಾವಾಗಿಂದ ಮಲಗ್ಯಾರ್ರಿ?" ಎಂದು ಪಿಸುಮಾತಿನಲ್ಲಿ ಕೇಳಿದರು.

"ಕಲಬುರಗಿ ದಾಟಿದಾಗಿಂದ," ಎಂದರು ನನ್ನ ಗಂಡ, ಅವರೂ ಪಿಸುಮಾತಿನಲ್ಲೇ. ಆಮೇಲೆ, "ಮೇಡಮ್, ಅವತ್ತ ನೀವು ನನ್ನ ನಿಂದ್ರಸಿದ್ದು ಛಲೋ ಆತು" ಎಂದರು.

ಆಕೆ ನೆಟ್ಟಗೆ ನಿಂತು ರಸ್ತೆಯ ನಡುವಿಗೆ ನಡೆದರು. ಎರಡೂ ಕಡೆಯ ಲಾರಿಗಳಿಗೆ ಅಂಗೈ ತೋರಿಸಿ ನಿಲ್ಲಿಸಿದರು. ಹಿಂದೆ ಯಾರೋ ಹಾರನ್ ಒತ್ತಿದಾಗ ತುಟಿಯ ಮೇಲೆ ಬೆರಳಿಟ್ಟು ಅವನ ಕಡೆ ಕಣ್ಣು ಬಿಟ್ಟರು. ಅಷ್ಟು ದೊಡ್ಡ ರಸ್ತೆ ನಮಗಾಗಿ ಸುಮ್ಮನಾಯಿತು. ಆಕೆ ನನಗೆ ಕೈಬೀಸಿದರು. ನಾನು ಕ್ಲಚ್ಚನ್ನು ಬಿಟ್ಟ ರೀತಿಯನ್ನು ಮೌಲಾಲಿಯವರು ಇಂದಿಗೂ ತಮ್ಮ ಶಿಷ್ಯರ ಮುಂದೆ ಉದಾಹರಣೆ ಕೊಡುತ್ತಾರೆ. ಒಂದು ಕುಲುಕೂ ಇಲ್ಲದೆ ಕಾರು ಹೊರಟಿತು. ಅಕ್ಕ ಎಚ್ಚರಾದದ್ದು ನಮ್ಮ ಮನೆಯ ಬಾಗಿಲಿನಲ್ಲಿ. "ಮುಟ್ಟಿದ್ವೇನು? ಇಷ್ಟ ಲಗೂ?" ಎಂದಳು.

ಆಮೇಲಿನದು ಸುಲಭವೆಂದಲ್ಲ, ಆದರೆ ನಡೆಯಿತು. ನನಗೆ ಪೂರ್ತಿ ಲೈಸೆನ್ಸು ಸಿಕ್ಕಿತು. ಅಕ್ಕ ಉಳಿದ ತಾರೀಖುಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಔಷಧದ ಸಂಕಟ ಇದ್ದೇ ಇತ್ತು, ವಾಂತಿಯೂ ಒಮ್ಮೊಮ್ಮೆ ಆಗುತ್ತಿತ್ತು. ದಾರಿಯ ಅಂಜಿಕೆ ಮಾತ್ರ ಹೋಯಿತು. ನನ್ನ ಗಂಡನ ಲೈಸೆನ್ಸು ಮರಳಿ ಬಂದಾಗ ಅವರು ಅದನ್ನು ಜೇಬಿನಲ್ಲಿಟ್ಟುಕೊಂಡರು. ಮರುದಿನ ನನ್ನ ಮುಂದೆ ತಮ್ಮ ಗಣಿತ ಒಪ್ಪಿಸಿದರು: ಅಷ್ಟು ವರ್ಷ ಅಷ್ಟು ಜೋರು ಓಡಿಸಿ, ಸೇಡಂನಿಂದ ಕಲಬುರಗಿಗೆ ಪ್ರತಿ ಸಲ ಅವರು ಉಳಿಸಿದ ಹೊತ್ತು ಮನೆಗೆ ಬಂದು ಒಂದು ಲೋಟ ಚಹಾ ಕುಡಿಯುವಷ್ಟೂ ಆಗುತ್ತಿರಲಿಲ್ಲವಂತೆ. "ಅದೂ ನೀವು ಕುಡಿಯೋ ಚಹಾ ಅಲ್ಲ, ನಾವು ಕುಡಿಯೋದು," ಎಂದೆ. ಒಪ್ಪಿಕೊಂಡರು. ಈಗ ಅವರೂ ಓಡಿಸುತ್ತಾರೆ, ಬೋರ್ಡುಗಳನ್ನು ಓದುತ್ತ ಓಡಿಸುತ್ತಾರೆ. ಮಠದ ಕಡೆಗಿನ ನಮಸ್ಕಾರವನ್ನು ಕಾರು ನಿಲ್ಲಿಸಿ, ಇಳಿದು ಮಾಡುತ್ತಾರೆ.

ಕಡೆಯ ತಪಾಸಣೆಯಲ್ಲಿ ಡಾಕ್ಟರು ಸಿನಿಮಾದ ಡಾಕ್ಟರರಂತೆ ಏನೂ ಘೋಷಿಸಲಿಲ್ಲ. "ಈಗ ಏನೂ ಕಾಣೋದಿಲ್ಲ. ಆರು ತಿಂಗಳು ಬಿಟ್ಟು ಬರ್ರಿ, ಆರಾಮಾಗಿ ಇರ್ರಿ" ಎಂದರು. ನಮಗೆ ಅಷ್ಟು ಸಾಕಾಗಿತ್ತು. ಅಕ್ಕನನ್ನು ಚಿಂಚೋಳಿಗೆ ಬಿಟ್ಟುಬರಲು ನಾವು ಮೂವರೂ ಹೊರಟೆವು. ನಾನು ಸ್ಟೇರಿಂಗಿಗೆ, ಅಕ್ಕ ನನ್ನ ಪಕ್ಕಕ್ಕೆ, ನನ್ನ ಗಂಡ ಹಿಂದೆ ಶೇಂಗಾ ಹೋಳಿಗೆಯ ಡಬ್ಬಿಯ ಜೊತೆಗೆ.

ಮಳೆಗಾಲ ಮುಗಿದಿತ್ತು. ಸುಲೇಪೇಟ ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಎರಡೂ ಬದಿಗೆ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು, ದೂರದಲ್ಲಿ ಚಿಂಚೋಳಿಯ ಗುಡ್ಡಗಳು ನೀಲಿಯಾಗಿ ಕಾಣುತ್ತಿದ್ದವು. ಅಕ್ಕ ಕಿಟಕಿಯ ಗಾಜು ಇಳಿಸಿದಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ತೊಡೆಯ ಮೇಲೆ ಮಡಚಿಟ್ಟುಕೊಂಡಳು. ಬಿತ್ತಿದ ಹೊಲದಲ್ಲಿ ಮೊಳಕೆ ಎದ್ದಂತೆ ತಲೆಯ ತುಂಬ ಗಿಡ್ಡನೆಯ ಹೊಸ ಕೂದಲು. ಒಂದಿಷ್ಟು ಬಿಳಿ, ಒಂದಿಷ್ಟು ಕಪ್ಪು. ಅದರ ಮೇಲೆ ಅಂಗೈ ಆಡಿಸಿಕೊಂಡು ಕುಳಿತಳು.

ಸ್ವಲ್ಪ ಹೊತ್ತಾದ ಮೇಲೆ, "ಸುಮಾ," ಎಂದಳು, "ಈ ಗಾಡಿ ಇಷ್ಟೇ ಓಡ್ತದೇನ?"

"ಯಾಕ?"

"ಗಾಳಿ ಸಾಲ್ವಲ್ದು. ಜರಾ ಜೋರ್ ಹೊಡಿ."

ನಾನು ಅವಳ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಮುಂದೆ ನೋಡಿದೆ, ಊರಿಲ್ಲ, ತಿರುವಿಲ್ಲ, ಬೋರ್ಡಿಲ್ಲ. ಕನ್ನಡಿಯಲ್ಲಿ ಹಿಂದೆ ನೋಡಿದೆ, ಯಾರೂ ಇಲ್ಲ.

"ಇಲ್ಲೆ ಎಂಬತ್ತರ ತನಕಾ ನಡೀತದ," ಎಂದರು ನನ್ನ ಗಂಡ ಹಿಂದಿನಿಂದ, ಇದೆಲ್ಲದರಲ್ಲಿ ಪಳಗಿದವರ ಗಾಂಭೀರ್ಯದಿಂದ.

ಇಷ್ಟು ದಿನ ಇದ್ದದ್ದೇ ಮರೆತುಹೋಗಿದ್ದ ಐದನೆಯ ಗೇರು ಹಾಕಿದೆ. ಕಾರು ಒಮ್ಮೆ ಉಸಿರೆಳೆದುಕೊಂಡು ಹಗುರಾಗಿ ಮುನ್ನುಗ್ಗಿತು. ಗಾಳಿ ಒಳಗೆ ನುಗ್ಗಿ ಅಕ್ಕನ ತೊಡೆಯ ಮೇಲಿನ ಬಟ್ಟೆಯನ್ನು ಹಿಂದಿನ ಸೀಟಿಗೆ ಎಸೆಯಿತು. ಅವಳು ಅದರ ಗೊಡವೆಗೇ ಹೋಗದೆ ಮುಖವನ್ನು ಕಿಟಕಿಗೆ ಒಡ್ಡಿದಳು. ಕಣ್ಣಲ್ಲಿ ನೀರು ಬರುವಷ್ಟು ಗಾಳಿ, ಆದರೂ ಕಣ್ಣು ತೆರೆದೇ ಇದ್ದವು.

"ಇನ್ನಾ ಜರಾ," ಎಂದಳು.

ಒತ್ತಿದೆ.